ಡಸ್ಟರ್ ಮೇಲೆದ್ದಾಗ

ಡಸ್ಟರ್ ಮೇಲೆದ್ದಿತು, ಮೂಲೆಯಲ್ಲಿ ಬಟ್ಟೆ ಕಿತ್ತು ನಾಲಿಗೆಯ ಹಾಗೆ ಜೋತುಬಿದ್ದಿರುವ ಅದೇ ಡಸ್ಟರ್, ಇನ್ನೇನು ಸರ್ ನನ್ನ ಕಡೆ ತಿರುಗುತ್ತಾರೆ, ಬೋರ್ಡಿನ ತುಂಬ ಡಿವೈ ಬೈ ಡಿಎಕ್ಸ್, ಒಂದು ಬಾಗಿದ ಗೆರೆ, ಅದನ್ನು ಒಂದೇ ಒಂದು ಕಡೆ ಮುಟ್ಟಿ ಹೋಗುವ ನೆಟ್ಟನೆಯ ಗೆರೆ, ಯಾಕೆ ಮುಟ್ಟುತ್ತದೆ, ಮುಟ್ಟಿ ಆಗಬೇಕಾದ್ದೇನು, ಒಂದಕ್ಷರ ತಲೆಗೆ ಹೋಗಿಲ್ಲ — ಅರ್ಥ ಆಯ್ತೇನಮ್ಮಾ, ಅಗೋ, ಕೇಳಿಯೇಬಿಟ್ಟರು, ಇಡೀ ತರಗತಿ ಕೂತಿರುವಾಗ ನನ್ನೊಬ್ಬಳನ್ನೇ, ವರ್ಷವೆಲ್ಲ ನನ್ನೊಬ್ಬಳನ್ನೇ. ದಿನಾ ನಾನು ತಲೆ ಆಡಿಸುತ್ತೇನೆ, ಅವರು ಅಳಿಸುತ್ತಾರೆ, ಪಾಠ ಮುಂದಕ್ಕೆ ಹೋಗುತ್ತದೆ. ಕ್ಯಾಲ್ಕುಲಸ್ ಪುಸ್ತಕ ಹೀಗೆಯೇ ಮುಗಿಯುತ್ತ ಬಂತು.

ಮೊದಲ ವಾರ ಪಾಪ ಅನ್ನಿಸಿತ್ತು, ಅಷ್ಟೇ. ಹೊಸ ಸರ್, ಅಂಗಿಯ ತೋಳಿಗೆಲ್ಲ ಸೀಮೆಸುಣ್ಣ, ಲಿಮಿಟ್ ಅಂದರೇನು ಅಂತ ಬೆವರಿಳಿಸಿಕೊಂಡು ಹೇಳಿ ತಿರುಗಿದರೆ ಎಲ್ಲರೂ ಡೆಸ್ಕ್ ನೋಡುತ್ತಿದ್ದಾರೆ, ಹಿಂದೆ ಯಾರೋ ಆಕಳಿಸಿದರು, ಅವರ ಸಪ್ಪೆ ಮುಖ ನೋಡಲಾರದೆ ನಾನು ತಲೆ ಆಡಿಸಿದೆ, ಆ ಮುಖ ಅರಳಿದ್ದೇನು! ಹತ್ತಿರ ಹೋಗ್ತಾನೇ ಇರುತ್ತೆ, ತಲುಪಲೇಬೇಕು ಅಂತೇನಿಲ್ಲ, ಅಂದಿದ್ದರು ಲಿಮಿಟ್ಟಿನ ಬಗ್ಗೆ, ಇಡೀ ಪುಸ್ತಕದಲ್ಲಿ ನನಗೆ ಗೊತ್ತಾಗಿರುವುದು ಅದೊಂದೇ, ನಾನೂ ಹಾಗೆಯೇ ಇದ್ದೇನಲ್ಲ. ಮರುದಿನ ತಾವಾಗಿಯೇ ನನ್ನ ಕಡೆ ನೋಡಿದರು. ನಿನ್ನೆ ಅರ್ಥವಾದವಳಿಗೆ ಇವತ್ತೇನಾಯಿತು ಅಂದುಕೊಂಡಾರು, ಮತ್ತೆ ಆಡಿಸಿದೆ, ಆಮೇಲೆ ಕತ್ತಿಗೆ ಅದೇ ರೂಢಿಯಾಯಿತು — ಒಂದು ದಿನ ಸರ್ ಅಮ್ಮನನ್ನು ಗೇಟಿನ ಹತ್ತಿರ ನಿಲ್ಲಿಸಿ, ನಿಮ್ಮ ಮಗಳ ಮುಖ ನೋಡ್ಕೊಂಡೇ ನಾನು ಪಾಠ ಮಾಡೋದು, ಅಂದುಬಿಟ್ಟರು, ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಅಣ್ಣ ಇದೇ ವಿಷಯದಲ್ಲಿ ಎರಡು ಸಲ ಫೇಲಾಗಿ ಈಗ ಮಾವನ ಚಪ್ಪಲಿ ಅಂಗಡಿಯಲ್ಲಿ ಕೂತು ಬಂದವರ ಪಾದ ಅಳೆಯುತ್ತಾನೆ, ಅವನ ಪಕ್ಕದ ಸ್ಟೂಲು ಖಾಲಿ ಇದೆ, ನೀನೂ ಫೇಲಾದ್ರೆ ಓದಿದ್ದು ಸಾಕು, ಅಂಗಡಿಗೆ ನಡಿ, ಅಂತ ಅಪ್ಪ ಹೇಳಿಯಾಗಿದೆ, ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ನನಗೆ ಓದಬೇಕು. ದೇವರೇ, ನನಗೆ ಓದಬೇಕು.

ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಆರು. ಸರ್ ಪೇಪರನ್ನು ಮಗುಚಿ ಕೈಗಿಟ್ಟು, ಜ್ವರ ಇತ್ತೇನಮ್ಮಾ ಅವತ್ತು, ಅಂದರು, ಅದಕ್ಕೂ ತಲೆ ಆಡಿಸಿದೆ! ನಿನ್ನೆ ನಲ್ಲಿಯ ಹತ್ತಿರ ಪೆನ್ಸಿಲ್ಲು, ನನ್ನ ಬೆಂಚಿನವಳು, ಕಡ್ಡಿಯಂತಿದ್ದಾಳೆಂದು ಎಲ್ಲರೂ ಇಟ್ಟ ಹೆಸರು, ಮುಖ ತೊಳೆಯುವ ನೆಪದಲ್ಲಿ ಅಳುತ್ತಿದ್ದಳು, ನೀನು ತಲೆ ಆಡಿಸ್ತೀಯ, ಅವ್ರು ಅಳಿಸ್ತಾರೆ, ನಂಗೆ ಬರ್ಕೊಳ್ಳೋಕೂ ಆಗಲ್ಲ ಕಣೇ, ನಿಂಗೆ ಬರುತ್ತಲ್ಲ, ಸ್ವಲ್ಪ ಹೇಳ್ಕೊಡೇ. ಆಮೇಲೆ ಹೇಳ್ಕೊಡ್ತೀನಿ, ಅಂದೆ. ಏನು ಹೇಳಿಕೊಡಲಿ, ನನ್ನ ತಲೆ. ಮುಂದಿನ ವಾರ ದೊಡ್ಡ ಪರೀಕ್ಷೆ, ನಾನು ಮುಳುಗುವುದಲ್ಲದೆ ಎಲ್ಲರನ್ನೂ ಕಟ್ಟಿಕೊಂಡು ಮುಳುಗುತ್ತಿದ್ದೇನೆ.

ಇವತ್ತು ಇಲ್ಲ ಅನ್ನಬೇಕು, ಕತ್ತು ಬಗ್ಗುತ್ತಿದೆ, ಬೇಡ, ತಡೆ, ಸರ್ ಇನ್ನೂ ಕಾಯುತ್ತಿದ್ದಾರೆ, ನನ್ನ ಕಣ್ಣು ನೋಡುತ್ತಿಲ್ಲ, ಗದ್ದವನ್ನೇ ನೋಡುತ್ತಿದ್ದಾರೆ, ಅದು ಕೆಳಗಿಳಿಯಲಿ ಅಂತ — ಜ್ವರ ಇತ್ತು ಅಂತ ನಾನು ಹೇಳಿರಲಿಲ್ಲವಲ್ಲ, ಅವರೇ ಕೇಳಿದರು, ಆ ಸುಳ್ಳನ್ನು ಅವರೇ ನನ್ನ ಕೈಗಿಟ್ಟರು, ಆರು ಅಂಕ ತೆಗೆದವಳು ತಲೆ ಆಡಿಸಿದರೆ ಯಾವ ಮೇಷ್ಟ್ರು ನಂಬುತ್ತಾನೆ, ಅವರಿಗೆ ಗೊತ್ತು, ಆವತ್ತಿನಿಂದಲೂ ಗೊತ್ತು, ಗೊತ್ತಿದ್ದೇ ಕೇಳುತ್ತಿದ್ದಾರೆ, ಅಯ್ಯೋ, ಅಂಗಲಾಚುತ್ತಿದ್ದಾರೆ, ಪೆನ್ಸಿಲ್ಲಿನ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿದೆ, ಅವಳು ಗಡಿಬಿಡಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ, ಇನ್ನೂ ಎರಡು ಸಾಲು ಬಾಕಿ — ಇಲ್ಲ ಸರ್, ಮೊದಲ್ನಿಂದಾನೇ ಅರ್ಥ ಆಗಿಲ್ಲ ಸರ್, ಯಾರ ದನಿ ಇದು, ನನ್ನದೇ, ಪೆನ್ನುಗಳೆಲ್ಲ ನಿಂತವು, ಏನಾದರೂ ಅನ್ನಿ ಸರ್, ಬೈಯಿರಿ, ಡಸ್ಟರ್ ಅಳಿಸುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ, ಡಸ್ಟರ್, ಅದರ ಮೂಲೆ, ಆ ಕಿತ್ತ ಬಟ್ಟೆಯ ಚೂರು ನಡುಗುತ್ತಿದೆ