ಕಳ್ಳನ ಹಿಡಿದ ಬಾಯ್ಕಳಕ

ತೊಂಬತ್ತಾರನೇ ಇಸವಿ ಶ್ರಾವಣ. ಪಾಲಹಳ್ಳಿ ಪುಟ್ಟಗೌರಮ್ಮ ಗದ್ದೆ ಬದದ ಮೇಲೆ ನಿಂತು ಎದೆ ಬಡ್ಕೊಂಡಳು. ನಾಟಿ ಹಾಕಿ ಎಂಟು ದಿನ ಆಗಿಲ್ಲ, ಅಲ್ಲಲ್ಲಿ ಪೈರು ಬುಡದಲ್ಲೇ ತುಂಡಾಗಿ ನೀರಲ್ಲಿ ತೇಲ್ತಾ ಇದೆ! ಮತ್ತೆ ನೆಡೋಕೆ ಸಸಿ ಬೆಳೆಸೋ ಒಟ್ಲಲ್ಲಿ ಒಂದು ಹಿಡಿ ಪೈರೂ ಉಳಿದಿಲ್ಲ. ಈ ಗದ್ದೆ ಹೋದ್ರೆ ವರ್ಷದ ಅನ್ನವೇ ಹೋಯ್ತು.

"ಆ ಹಾಳು ಕೊಕ್ಕರೆಗಳದ್ದೇ ಕೆಲ್ಸ ಕಣಮ್ಮಿ. ದಿನಾ ಬೆಳಿಗ್ಗೆ ಇಲ್ಲೇ ನಿಂತಿರ್ತವೆ," ಅಂದ ಗಂಡ ಚಿಕ್ಕಸ್ವಾಮಿ.

ಅವಳೂ ನಂಬಿದಳು. ಮೂರು ದಿನ ಹಳೇ ತಟ್ಟೆ ಬಡಿದು ಬಡಿದು ಹಕ್ಕಿ ಓಡಿಸಿದಳು. ಹಕ್ಕಿ ಹೋದವು, ಪೈರು ಇನ್ನೂ ಜಾಸ್ತಿ ಹೋಯ್ತು. ಬದಕ್ಕೂ ತೂತು ಬಿದ್ದು ನೀರೆಲ್ಲ ಪಕ್ಕದ ಗದ್ದೆಗೆ ಹರೀತು. ತಟ್ಟೆ ಬಡಿಯದ ಹೊತ್ತಲ್ಲಿ ಹಕ್ಕಿ ಕದ್ದು ಬರ್ತವೆ ಅಂತ ನಾಲ್ಕನೇ ದಿನ ಚಿಕ್ಕಸ್ವಾಮಿ ಅವಕ್ಕೆ ಹಾಕೋಕೆ ವಿಷದ ಪೊಟ್ಟಣ ತಂದೇಬುಟ್ಟ.

ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿ ನಡೆಸೋ ಗಫಾರ್ ಆ ಪೊಟ್ಟಣ ಕಂಡು ಸೈಕಲ್ ನಿಲ್ಲಿಸಿದ. "ಯಾ ಅಲ್ಲಾ! ತಡಿ ಸ್ವಾಮಣ್ಣ. ಅದರ ಕೊಕ್ಕು ನೋಡಿದ್ದೀಯಾ?"

"ಕೊಕ್ಕು ಕೊಕ್ಕೇ ಕಣ್ಲಾ, ನೋಡೋದೇನು?"

"ಬೂದು ಬಿಳಿ ಮೈ, ಕಪ್ಪು ರೆಕ್ಕೆ. ಬಾಯಿ ಮುಚ್ಚಿದ್ರೂ ಕೊಕ್ಕಿನ ಮಧ್ಯೆ ಸಂದಿ. ಇದು ಬಾಯ್ಕಳಕ. ಪೈರು ಮುಟ್ಟಲ್ಲ. ಬಸವನಹುಳ, ಏಡಿ ತಿಂತದೆ. ಕೆರೆ ಅಂಚು, ಕಾಲುವೆ ಬದಿ, ನಾಟಿ ಗದ್ದೆ, ಮಂಡಿ ಮುಳುಗದ ನೀರಿದ್ರೆ ಅಲ್ಲಿಗೆ ಬರ್ತದೆ. ಅಕ್ಕಾ, ನಾಳೆ ಒಂದು ದಿನ ತಟ್ಟೆ ಬಡೀಬೇಡ, ಸುಮ್ನೆ ಕೂತು ನೋಡು."

ಬೆಳಿಗ್ಗೆ ಗಂಡ ಹೆಂಡತಿ ಹೊಂಗೆ ಮರದ ಮರೆಯಲ್ಲಿ ಕೂತರು. ಒಂದು ಹಕ್ಕಿ ಇಳೀತು. ಬದದ ತೂತಿಗೆ ಕೊಕ್ಕಿಟ್ಟು ಎಳೀತು ನೋಡಿ, ಹೊರಬಂತು ದಪ್ಪನೆ ಏಡಿ! ಹಿಂದೇನೇ ಕತ್ತರಿಸಿಟ್ಟ ಪೈರಿನ ತುಂಡುಗಳು.

"ಅಯ್ಯೋ ಶಿವನೇ! ಕಳ್ಳನ್ನ ಬುಟ್ಟು ಕಾವಲುಗಾರನ್ನ ಓಡಿಸ್ತಿದ್ವಲ್ಲಾ!" ಅಂದಳು ಪುಟ್ಟಗೌರಮ್ಮ. ಚಿಕ್ಕಸ್ವಾಮಿ ಪೊಟ್ಟಣ ಎತ್ಕೊಂಡು ಅಂಗಡಿಗೆ ವಾಪಸ್ ಕೊಟ್ಟು ಬಂದ.

ತೂತು ಮೆತ್ತಿದರು. ಓಡಿಹೋಗಿದ್ದ ಹಕ್ಕಿಗಳೂ ವಾಪಸ್ ಬಂದು ಒಂದಿದ್ದದ್ದು ಹತ್ತಾದವು. ಉಳಿದ ಪೈರು ಬುಡದಿಂದ ಹೊಸ ತೆಂಡೆ ಒಡೆದು ಗದ್ದೆ ತುಂಬ್ಕೊಂಡಿತು. ಸುಗ್ಗಿಗೆ ಕಣದಲ್ಲಿ ಭತ್ತದ ರಾಶಿ ನೋಡಿ ಅವಳ ಕಣ್ಣು ತುಂಬಿ ಬಂತು.

ಮರುವರ್ಷ ಪಕ್ಕದ ಗದ್ದೆ ದಾಸಯ್ಯ ವಿಷ ಹಿಡ್ಕೊಂಡು ಬಂದಾಗ ಪುಟ್ಟಗೌರಮ್ಮ ಮತ್ತೆ ತಟ್ಟೆ ಬಡಿದಳು. ಊರೇ ಓಡಿ ಬಂತು.

"ಯಾಕಮ್ಮಿ, ಹಕ್ಕಿ ಓಡಿಸ್ತೀಯಾ?" ಅಂದ ದಾಸಯ್ಯ.

"ಇಲ್ಲ ಕಣಣ್ಣ, ನಿನ್ನ ಓಡಿಸ್ತಿದೀನಿ! ಮೊದ್ಲು ಅದರ ಕೊಕ್ಕು ನೋಡು ಬಾ."

ಅಕ್ಕತಂಗೀರೇ, ಅಣ್ಣತಮ್ಮಂದಿರೇ, ಕೊಕ್ಕಿನಲ್ಲಿ ಸಂದಿ ಕಂಡರೆ ವಿಷ ಕೆಳಗಿಡಿ. ಕೆರೆ ಅಂಚಿನ ಕೆಸರಿಗೆ ಮಣ್ಣು ಹಾಕಿ ಮುಚ್ಚಬೇಡಿ, ಅದು ಆ ಹಕ್ಕಿಯ ಅಡುಗೆಮನೆ. ನಿಮ್ಮ ತಟ್ಟೆಯಲ್ಲಿ ಅನ್ನ ಬೇಕಾ? ಹಾಗಾದ್ರೆ ತಟ್ಟೆ ಬಡಿಯೋಕೆ ಮುಂಚೆ ಕಣ್ಣು ಬಿಟ್ಟು ನೋಡಿ.