ಡೆಲ್ಬರ್ಟನ ಗಾಳಿಯಂತ್ರಗಳು

ಊರೊಳಗಿನ ಕರೆಂಟ್ ಲೈನನ್ನೇ ತೆಗೆದಿದ್ದರೆ? ಆದರೆ ಆಸ್ಪತ್ರೆ ಅದರಲ್ಲೇ ಇತ್ತಲ್ಲ. ಬೇಡಿಕೆ ಮೀರಿದೆ, ಕರೆಂಟಿನ ಹೊರೆ ಇಳಿಸಿ ಎಂದು ಮೇಲಿನಿಂದ ಆದೇಶ ಬಂದಾಗ, ಮನೆಗಳು ಕಡಿಮೆ ಇರುವ ಪಶ್ಚಿಮದ ಲೈನನ್ನು ಕರೆಂಟ್ ಆಫೀಸಿನ ಹಾರ್ಲನ್ ತೆಗೆದಿದ್ದ. ಟೆಕ್ಸಸ್ಸಿನ ಆ ಮೂಲೆಯಲ್ಲಿ ಯಾರಾಗಿದ್ದರೂ ಹಾಗೆಯೇ ಮಾಡುತ್ತಿದ್ದರು. ಅಲ್ಲಿಯ ಬಾವಿಗಳಿಂದ ಗ್ಯಾಸನ್ನು ಕೊಳವೆಗೆ ತಳ್ಳುವ ಪಂಪುಗಳು ಮೊದಲು ತಮ್ಮ ಗ್ಯಾಸಿನಲ್ಲೇ ಓಡುತ್ತಿದ್ದವು. ಅವನ್ನು ಕರೆಂಟಿಗೆ ಬದಲಿಸಿದ್ದು ಅವನಿಗೆ ಗೊತ್ತಿತ್ತು; ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಪಂಪು ನಿಂತಿತು, ಗ್ಯಾಸ್ ನಿಂತಿತು, ಗ್ಯಾಸಿನಿಂದ ನಡೆಯುವ ವಿದ್ಯುತ್ ಸ್ಥಾವರವೂ ನಿಂತಿತು. ಹಿಮದಲ್ಲಿ ಇಡೀ ಸೀಮೆ ಕತ್ತಲಾಯಿತು.

ಈಗ ಚರ್ಚಿನ ಹಿಂದಿನ ಕೋಣೆಯಲ್ಲಿ ಆ ಚಳಿಯಲ್ಲಿ ತೀರಿಹೋದ ಆಲ್ಮಮ್ಮನ ಮಣ್ಣು ಮುಗಿಸಿ ಬಂದವರ ಊಟ. ಎಲ್ಲರೂ ಮನೆಯಿಂದ ತಂದಿಟ್ಟ ಪಾತ್ರೆಗಳು ಬರಿದಾಗುತ್ತಿದ್ದವು. ಹಾರ್ಲನ್‌ನ ತಮ್ಮ ಡೆಲ್ಬರ್ಟ್ ತಂದ ಹುರುಳಿಕಾಯಿ ಬೀಜದ ಪಲ್ಯಕ್ಕೆ ಮಾತ್ರ ಯಾರೂ ಸೌಟು ಹಾಕಿರಲಿಲ್ಲ. ಅವನ ಹೊಲದಲ್ಲಿ ಕಂಪನಿಯವರು ಬಾಡಿಗೆ ಕೊಟ್ಟು ನಿಲ್ಲಿಸಿದ, ಕರೆಂಟ್ ಮಾಡುವ ಗಾಳಿಯಂತ್ರಗಳಿದ್ದವು; ಅವು ಮಂಜುಗಟ್ಟಿ ನಿಂತದ್ದರಿಂದಲೇ ಕರೆಂಟು ಹೋಯಿತೆಂದು ಊರೆಲ್ಲ ಹೇಳುತ್ತಿತ್ತು.

"ಏನ್ ಡೆಲ್ಬರ್ಟ್, ನಿನ್ನ ಫ್ಯಾನುಗಳ ಮಂಜು ಕರಗಿತಾ?" ಸತ್ತವಳ ಮಗ ರಾಯ್ಸ್ ತಟ್ಟೆಯಿಂದ ತಲೆಯೆತ್ತದೆ ಕೇಳಿದ. "ಅಮ್ಮ ಇದ್ದಬದ್ದ ಕಂಬಳಿ ಎಲ್ಲಾ ಹೊದ್ದು ಕೂತಲ್ಲೇ ಹೋದ್ಳು."

"ಕೆಲವು ನಿಂತಿದ್ದು ನಿಜ ರಾಯ್ಸ್. ಎಲ್ಲಾನೂ ಅಲ್ಲ."

"ಹೌದಪ್ಪ, ನಿಂಗೆ ಬಾಡಿಗೆ ತರೋವು ತಿರುಗ್ತಾನೇ ಇದ್ವೇನೋ."

ಯಾರೋ ನಕ್ಕರು. ಡೆಲ್ಬರ್ಟ್ ಹಾರ್ಲನ್ ಕಡೆ ತಿರುಗಿದ. "ಅಣ್ಣ, ನೀನು ಕರೆಂಟ್ ಆಫೀಸಿನೋನು. ನೀನೇ ಹೇಳು. ನನ್ನ ಯಂತ್ರಗಳಿಂದಾನಾ ಆಲ್ಮಮ್ಮ ಹೋಗಿದ್ದು?"

ಹಾರ್ಲನ್ ತನ್ನ ತಟ್ಟೆ ನೋಡಿಕೊಂಡ. ಮಾಂಸವಿತ್ತು, ಜೋಳದ ರೊಟ್ಟಿಯಿತ್ತು. ತಮ್ಮನ ಪಲ್ಯವನ್ನು ಅವನೂ ಬಡಿಸಿಕೊಂಡಿರಲಿಲ್ಲ.

"ಆವತ್ತು ಎಲ್ಲಾನೂ ಹೆಪ್ಪುಗಟ್ಟಿತ್ತು ಕಣೋ," ಎಂದ. "ಇದರಿಂದಲೇ ಅಂತ ಹೇಳೋಕಾಗಲ್ಲ."

"ನೋಡು," ಎಂದ ರಾಯ್ಸ್ ಮೆಲ್ಲಗೆ. "ನಿಮ್ಮಣ್ಣಾನೂ ಅಲ್ಲ ಅನ್ನಲಿಲ್ಲ."

ಡೆಲ್ಬರ್ಟ್ ಪಾತ್ರೆಗೆ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆದ. ಬಾಗಿಲು ತೆರೆಯಲು ಯಾರೂ ಏಳಲಿಲ್ಲ, ಮೊಣಕೈಯಿಂದ ನೂಕಿಕೊಂಡ.

ಬೇಸಿಗೆ ಬರುವಷ್ಟರಲ್ಲಿ ಅವನು ಹೊಲ ಮಾರಿ, ಹೆಂಡತಿಯ ತವರಿನ ಕಡೆ, ಒಕ್ಲಹೋಮಾಕ್ಕೆ ಹೊರಟ. ಸಾಮಾನು ಲಾರಿಗೆ ಏರಿಸಲು ಹಾರ್ಲನ್ ದಿನವಿಡೀ ಜೊತೆಗಿದ್ದ. ಮಂಚ ಹೊರುವಾಗ, ಹಗ್ಗ ಬಿಗಿಯುವಾಗ ಇಬ್ಬರ ಮುಖವೂ ಹತ್ತಿರ ಬಂದಿತ್ತು.

"ನಿನ್ನ ತಪ್ಪೇನೂ ಇರಲಿಲ್ಲ" ಎಂಬ ಮಾತನ್ನು ಅವನು ತಮ್ಮನಿಗೆ ಎಂದೂ ಹೇಳಲಿಲ್ಲ.