ಸೈಕಲ್ಲಿನ ಹಿಂದಿನ ಚಕ್ರ

ನಾನು ಕೆಲಸ ಮಾಡುವ ಟಪಾಲು ಕೋಣೆ ನೆಲಮಾಳಿಗೆಯಲ್ಲಿದೆ. ಕಾಗದಪತ್ರ ಕೈತಪ್ಪಬಾರದೆಂದು ಬಾಗಿಲು ಸದಾ ಮುಚ್ಚಿರಬೇಕು ಎಂಬುದು ಕಚೇರಿಯ ಕಟ್ಟಪ್ಪಣೆ. ಬೆಳಕೆಂದು ಏನಾದರೂ ಬರುವುದಿದ್ದರೆ ಸೂರಿಗೆ ತಾಗಿಕೊಂಡಿರುವ ಮೊಳದುದ್ದದ ಗಾಜಿನಿಂದ ಬರಬೇಕು. ಅದರಾಚೆ ರಸ್ತೆ. ಕಾಣುವುದು ಮೊಣಕಾಲಿನಿಂದ ಕೆಳಗಿನ ಲೋಕ ಮಾತ್ರ: ಚಪ್ಪಲಿ, ಬೂಟು, ಸೈಕಲ್ ಚಕ್ರ. ಹನ್ನೊಂದು ವರ್ಷದಲ್ಲಿ ಈ ಪೇಟೆಯ ಅರ್ಧ ಜನರ ಕಾಲು ನನಗೆ ಬಾಯಿಪಾಠವಾಗಿದೆ. ಮುಖ ತೋರಿಸಿದರೆ ಒಬ್ಬರನ್ನೂ ಗುರುತು ಹಿಡಿಯಲಾರೆ.

ಕೆಲಸದಲ್ಲಿ ತಲೆ ಓಡಿಸುವಂಥದ್ದೇನಿಲ್ಲ. ಲಕೋಟೆ ಸೀಳಬೇಕು, ಒಳಗಿನ ಅರ್ಜಿ ತೆಗೆದು ತಾರೀಖಿನ ಮೊಹರು ಒತ್ತಬೇಕು, ಆವಕ ಪುಸ್ತಕದಲ್ಲಿ ನಂಬರು ಬರೆಯಬೇಕು. ಲಕೋಟೆಯ ಮುಂಭಾಗವನ್ನು ಕತ್ತರಿಸಿ ಅರ್ಜಿಯ ಹಿಂದೆ ಪಿನ್ನು ಹಾಕಬೇಕು, ಯಾಕೆಂದರೆ ಅಂಚೆಯ ಮುದ್ರೆ ಅಲ್ಲಿರುತ್ತದೆ. ಅರ್ಜಿ ಗಡುವಿನೊಳಗೆ ಹೊರಟಿತೋ ಇಲ್ಲವೋ ಎಂಬುದಕ್ಕೆ ಆ ಮುದ್ರೆಯೇ ಸಾಕ್ಷಿ. ಹಿಂಭಾಗ ಕಸದ ಬುಟ್ಟಿಗೆ. ಆ ಬುಟ್ಟಿ ನನ್ನ ಆಸ್ತಿ.

ಲಕೋಟೆಯ ಒಳಮೈಯನ್ನು ಯಾರೂ ನೋಡುವುದಿಲ್ಲ. ಒಳಗಿನ ಅಕ್ಷರ ಹೊರಗೆ ಇಣುಕದಿರಲೆಂದು ಒಂದೊಂದು ಕಂಪನಿ ಒಂದೊಂದು ನಮೂನೆ ಅಚ್ಚು ಹಾಕಿರುತ್ತದೆ. ನೀಲಿ ಅಲೆ, ಬೂದು ಚುಕ್ಕಿ, ಬಲೆಯಂಥ ಗೆರೆ. ಅವನ್ನು ಕತ್ತರಿಸಿ ಮನೆಗೆ ಒಯ್ದು ರಟ್ಟಿನ ಮೇಲೆ ಅಂಟಿಸುತ್ತಿದ್ದೆ. ನೀಲಿ ಅಲೆ ಪ್ಯಾಂಟಾಯಿತು, ಬೂದು ಚುಕ್ಕಿ ಡಾಂಬರಾಯಿತು. ಮೊಹರಿನ ಶಾಯಿಗೆ ನೀರು ಬೆರೆಸಿ ನೆರಳು ಬಳಿದೆ. ತಿದ್ದುವ ಬಿಳಿ ದ್ರವದಿಂದ ಬೆಳಕು ಇಟ್ಟೆ. ಸುಟ್ಟ ಬೆಂಕಿಕಡ್ಡಿಯಿಂದ ಕಾಲ್ಬೆರಳು ಬರೆದೆ. ಒಮ್ಮೆ ಟೀ ಡಿಕಾಕ್ಷನ್ನಿನಲ್ಲಿ ಇಡೀ ಹಾಳೆ ಅದ್ದಿದ್ದಕ್ಕೆ ಅಕ್ಕ ಎರಡು ದಿನ ಮಾತು ಬಿಟ್ಟಳು.

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಮನೆಯಲ್ಲಿರುವುದು ನಾವಿಬ್ಬರೇ, ಇರುವುದು ಒಂದೇ ಮೇಜು. ಅವಳ ಮಿಷನ್ನು ಮುಕ್ಕಾಲು ಪಾಲು ನುಂಗಿದ ಮೇಲೆ ಉಳಿದ ಅಂಗೈಯಗಲದಲ್ಲಿ ನನ್ನ ಕಲೆ ಅರಳಬೇಕು. ಕಸ ಗುಡಿಸುವವರು ಕಸವನ್ನು ಹೊರಗೆ ಒಯ್ಯುತ್ತಾರೆ, ನೀನೊಬ್ಬಳೇ ಒಳಗೆ ತರುವವಳು ಎಂದು ಅಣಕಿಸುತ್ತಿದ್ದಳು.

ನನ್ನನ್ನು ಹೆಚ್ಚು ಕಾಡಿದ್ದು ಅಂಟು. ಕಚೇರಿಯ ಗೋಂದು ಹಚ್ಚಿದರೆ ಕಾಗದ ಸುಕ್ಕಾಗುತ್ತಿತ್ತು. ಮೈದಾ ಕುದಿಸಿ ಹಚ್ಚಿದೆ, ಜಿರಳೆಗಳು ನನ್ನ ಚಿತ್ರವನ್ನು ಮನಸಾರೆ ಮೆಚ್ಚಿ ತಿಂದವು. ಕೊನೆಗೆ ರಸ್ತೆ ತುದಿಯ ಪುಸ್ತಕ ಕಟ್ಟುವವನು ಒಂದು ಡಬ್ಬಿ ಬಿಳಿ ಅಂಟು ಕೊಟ್ಟ. ಒಮ್ಮೆ ಹಿಡಿಯಿತೆಂದರೆ ಕಾಗದ ಹರಿದೀತೇ ಹೊರತು ಅಂಟು ಬಿಡುವುದಿಲ್ಲ ಎಂದ. ಎರಡು ವರ್ಷದ ಹುಡುಕಾಟ ಮುಗಿಯಿತೆಂದು ಕುಣಿದಾಡಿಬಿಟ್ಟೆ.

ಆ ಅಂಟಿನಿಂದ ಮಾಡಿದ ಮೊದಲ ಚಿತ್ರದಲ್ಲಿ, ನನ್ನ ಗಾಜಿನಿಂದ ಕಂಡಂತೆ, ಒಂದು ಸೈಕಲ್ಲು, ಪೆಡಲಿನ ಮೇಲೆ ಎರಡು ಕಾಲು. ಕಚೇರಿಯ ಮೇಲಧಿಕಾರಿಯಾದ ಮೇಡಂ ನಾನು ಕೆಲಸಕ್ಕೆ ಒಯ್ದಿದ್ದ ಅದನ್ನು ಒಂದು ದಿನ ನನ್ನ ಮೇಜಿನ ಮೇಲೆ ಕಂಡು ಬಹಳ ಹೊತ್ತು ನಿಂತರು. ಯಾರು ಮಾಡಿದ್ದೆಂದು ಕೇಳಿದರು. ಮರುವಾರ ಅದು ಚೌಕಟ್ಟಿನೊಳಗೆ ಸೇರಿ ಅವರ ಕುರ್ಚಿಯ ಹಿಂದಿನ ಗೋಡೆಗೇರಿತು. ಇಂಥ ಕೈಯವಳನ್ನು ನೆಲಮಾಳಿಗೆಯಲ್ಲಿ ಕೊಳೆಹಾಕುವುದು ಸರಿಯಲ್ಲ ಎಂದು ನನ್ನನ್ನು ಖಾಯಂ ಮಾಡಿ ಕಾಗದ ಹೊರಗೆ ಕಳಿಸುವ ಮೇಲಿನ ಜಾವಕ ವಿಭಾಗಕ್ಕೆ ಹಾಕಲು ಬರೆದರು. ಖಾಲಿಯಿದ್ದ ಕುರ್ಚಿಯನ್ನು ಹೋಗಿ ನೋಡಿ ಬಂದೆ. ಪಕ್ಕದಲ್ಲಿ ಕಿಟಕಿ, ಕಿಟಕಿಯಲ್ಲಿ ಪೂರ್ತಿ ಮನುಷ್ಯರು, ತಲೆಸಮೇತ. ಆ ಕಿಟಕಿಯ ಆಸೆ ನನ್ನನ್ನು ಹಗಲೂ ರಾತ್ರಿ ಹಿಡಿದುಕೊಂಡಿತು.

ಬುಧವಾರ ಟಪಾಲು ಕೊಡಲು ಮೇಲೆ ಹೋದಾಗ ಮೇಡಂ ಎದುರಿಗೆ ಗಡಿಯಾರ ರಿಪೇರಿಯವನು ಕೂತಿದ್ದ. ಮುಖ ಹೊಸದು, ಚಪ್ಪಲಿ ಹಳೆಯ ಪರಿಚಯ: ಎಡಗಾಲಿನದಕ್ಕೆ ಕೈಗಡಿಯಾರದ ಪಟ್ಟಿ ಹೊಲಿದುಕೊಂಡಿದ್ದಾನೆ. ಮಾರುಕಟ್ಟೆಯಲ್ಲಿ ಅವನ ಅಂಗಡಿಯ ಪರವಾನಗಿ ನವೀಕರಿಸುವ ಅರ್ಜಿ ಹತ್ತನೇ ತಾರೀಖಿನೊಳಗೆ ಅಂಚೆಗೆ ಬೀಳಬೇಕಿತ್ತು. ಲಕೋಟೆಯ ಮುಂಭಾಗದಲ್ಲಿ ಮುದ್ರೆ ಇರಲಿಲ್ಲವಾದ್ದರಿಂದ ನಾನು ಒತ್ತಿದ ಹದಿನಾಲ್ಕರ ಮೊಹರನ್ನೇ ಹಿಡಿದು ತಿರಸ್ಕರಿಸಿದ್ದರು. ಶುಕ್ರವಾರ ಕೊನೆಯ ತೀರ್ಮಾನ, ಆಮೇಲೆ ಅಂಗಡಿ ಬೇರೆಯವರ ಪಾಲು. ಊರಿಗೆಲ್ಲ ಸಮಯ ಸರಿಮಾಡಿಕೊಡುವವನು ತಾನೇ ತಡವಾಗಿ ಬಂದ ಎಂದು ಗುಮಾಸ್ತರು ಎರಡು ತಿಂಗಳಿಂದ ನಗುತ್ತಿದ್ದರು. ನಾನೂ ನಕ್ಕಿದ್ದೆ.

"ಏಳನೇ ತಾರೀಖೇ ಡಬ್ಬಿಗೆ ಹಾಕಿದ್ದೀನಿ ಮೇಡಂ" ಎಂದ ಅವನು. "ಲಕೋಟೆ ಮುಚ್ಚಳ ಬಿಚ್ಕೊಳ್ತಿತ್ತು. ಅದಕ್ಕೆ ಸ್ಟಾಂಪನ್ನ ಹಿಂದುಗಡೆ, ಮುಚ್ಚಳದ ಮೇಲೇ ಹಚ್ಚಿದ್ದೆ. ಮುದ್ರೆ ಅಲ್ಲೇ ಬಿದ್ದಿರುತ್ತೆ."

ಹಿಂಭಾಗವನ್ನು ನಾವು ಇಟ್ಟುಕೊಳ್ಳುವುದಿಲ್ಲ ಎಂದರು ಮೇಡಂ. ಅವರ ತಲೆಯ ಮೇಲೆ ನನ್ನ ಸೈಕಲ್ಲಿತ್ತು. ಅದರ ಹಿಂದಿನ ಚಕ್ರ ಒಂದು ಅಂಚೆ ಮುದ್ರೆ.

ಎಲ್ಲವೂ ನೆನಪಾಯಿತು. ಅರ್ಧ ನೇರಳೆ ಸ್ಟಾಂಪಿನ ಮೇಲೆ, ಅರ್ಧ ಬಿಳಿಯ ಮೇಲೆ ಬಿದ್ದಿದ್ದ ದುಂಡನೆಯ ಮುದ್ರೆ. ಕೆಳಗೆ ಹಸಿರು ಶಾಯಿಯಲ್ಲಿ ಇರುವೆ ಸಾಲಿನಂಥ, ಕಳಿಸಿದವನ ವಿಳಾಸ. ಎಷ್ಟು ಚೆಂದವೆಂದು ಕತ್ತರಿಸಿಕೊಂಡಿದ್ದೆ. ಮುದ್ರೆ ಹಿಂದಿದ್ದರೆ ಲಕೋಟೆಯನ್ನು ಇಡಿಯಾಗಿ ಉಳಿಸಬೇಕೆಂದು ನಿಯಮವಿದೆ, ನನಗೆ ಗೊತ್ತು. ಅವತ್ತು ನಾನು ಅದನ್ನು ನೋಡಿದೆ, ಓದಲಿಲ್ಲ. ವಿಳಾಸವನ್ನು ಚಕ್ರದ ಕೆಳಗೆ ಜಲ್ಲಿಕಲ್ಲಾಗಿ ಅಂಟಿಸಿದ್ದೆ.

ಬಾಯಿ ಬಿಡಲಿಲ್ಲ. ನನ್ನನ್ನು ನಾನು ಕ್ಷಮಿಸದ ವಿಷಯ ಇದೊಂದೇ. ಚಿತ್ರದ ಮೂಲೆ ಏಳುತ್ತಿದೆ, ಸರಿಮಾಡಿ ತರುತ್ತೇನೆ ಎಂದು ಸುಳ್ಳು ಹೇಳಿ ಗೋಡೆಯಿಂದ ಇಳಿಸಿಕೊಂಡು ಮನೆಗೆ ಬಂದೆ. ಚಕ್ರವನ್ನೂ ಜಲ್ಲಿಯನ್ನೂ ಬಿಡಿಸಿ, ಹೆಸರು ಹಾಕದೆ ಅಂಚೆಯಲ್ಲಿ ಕಳಿಸಿಬಿಡುವ ಉಪಾಯ. ಹಾಗೆ ಬಂದ ಟಪಾಲನ್ನು ನಾನೇ ತಾನೇ ಬಿಡಿಸುವವಳು.

ಬಿಸಿನೀರಿನ ಹಬೆ ಹಿಡಿದೆ. ಒದ್ದೆ ಬಟ್ಟೆ ಇಟ್ಟೆ. ಅಕ್ಕನ ಇಸ್ತ್ರಿಪೆಟ್ಟಿಗೆ ಕಾಯಿಸಿ ಹಿಂದಿನಿಂದ ಒತ್ತಿದೆ. ಅಂಟು ಜಪ್ಪಯ್ಯ ಎನ್ನಲಿಲ್ಲ. ಬ್ಲೇಡು ತೂರಿಸಿದಾಗ ಮುದ್ರೆಯ ಅಂಚು ಹರಿಯಲು ಶುರುವಾಯಿತು, ಬ್ಲೇಡು ಕೆಳಗಿಟ್ಟೆ. ಮೇಜು, ಮಿಷನ್ನು, ಗೋಡೆ ಎಲ್ಲವೂ ಹತ್ತಿರ ಹತ್ತಿರ ಸರಿದಂತಾಯಿತು. ಅಕ್ಕನಿಗೆ ಎಲ್ಲ ಹೇಳಿದೆ.

ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು. ಒಲೆಗೆ ಹಾಕಿ ಇಂಥದ್ದೇ ಇನ್ನೊಂದು ಮಾಡಿಕೊಡು ಎಂದಳು ಮೊದಲು. ಯಾರಿಗೂ ತಿಳಿಯುವುದಿಲ್ಲ ಎಂದಳು. ಆಮೇಲೆ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟಳು.

"ಅವನಿಗೂ ಕೂರೋಕೆ ಒಂದೇ ಜಾಗ ಅಲ್ವೇನೇ" ಎಂದಳು.

ಅದನ್ನು ಕೇಳಲು ನನಗೆ ಇಷ್ಟವಿರಲಿಲ್ಲ. ಸಿಟ್ಟಿನಿಂದ ಅವಳ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿ ಇಟ್ಟೆ.

ಶುಕ್ರವಾರ ಚಿತ್ರವನ್ನು ಮೇಡಂ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಗೋಡೆಯ ಖಾಲಿ ಮೊಳೆಯ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. ತಾರೀಖು ಮಸುಕಾಗಿತ್ತು. ತೀರ್ಮಾನ ಕೇಳಲು ಬಂದಿದ್ದ ಗಡಿಯಾರದವನು ಜೇಬಿನಿಂದ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ನನ್ನ ಚಕ್ರದ ಮೇಲೆ ಬಗ್ಗಿದ. ನನ್ನ ಚಿತ್ರವನ್ನು ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ.

"ಏಳು" ಎಂದ. ಮೇಡಂ ಅದೇ ಮಸೂರ ಇಸಿದುಕೊಂಡು ನೋಡಿದರು, ಜಲ್ಲಿಯಲ್ಲಿದ್ದ ಹಸಿರು ವಿಳಾಸವನ್ನು ಅರ್ಜಿಯ ಕೈಬರಹದ ಪಕ್ಕ ಹಿಡಿದರು, ತಲೆಯಾಡಿಸಿದರು. ಅವನು ಎದ್ದು ಹೋಗುವಾಗ ನನ್ನ ಹತ್ತಿರ ನಿಂತ. ಬೈಯುತ್ತಾನೆಂದು ಕಾದೆ.

"ಮುಂದಿನ ಚಕ್ರಕ್ಕೆ ಕಡ್ಡಿ ಕಮ್ಮಿ ಆಗಿದೆ" ಎಂದ. "ಆದರೂ ಉರುಳುತ್ತೆ."

ಅವನ ಅಂಗಡಿ ಉಳಿಯಿತು. ನನ್ನ ಖಾಯಂ ಕಾಗದವನ್ನು ಮೇಡಂ ಹಿಂದಕ್ಕೆ ತೆಗೆದುಕೊಂಡರು. ಕೆಲಸದಿಂದ ತೆಗೆಯಲಿಲ್ಲ, ಅದೇ ದೊಡ್ಡದು ಎಂದು ಅಕ್ಕ ಅನ್ನುತ್ತಾಳೆ. ಕಿಟಕಿಯ ಕುರ್ಚಿಗೆ ಬೇರೊಬ್ಬರು ಬಂದರು.

ಚಿತ್ರ ಈಗ ದಾಖಲೆ. ದಾಖಲೆಯೆಂದ ಮೇಲೆ ಅದೂ ಆವಕದ ಮೂಲಕವೇ ಬರಬೇಕು, ಅಂದರೆ ನನ್ನ ಕೈಯಿಂದ. ಚೌಕಟ್ಟು ಬಿಚ್ಚಿ ನೆಲಮಾಳಿಗೆಗೆ ಕಳಿಸಿದರು. ಪುಸ್ತಕದಲ್ಲಿ ನಂಬರು ಬರೆದೆ. ಎಡ ಅಂಚಿನಲ್ಲಿ ತೂತು ಹೊಡೆದೆ, ಒಂದು ತೂತು ಸರಿಯಾಗಿ ಮುಂದಿನ ಚಕ್ರಕ್ಕೆ ಬಿತ್ತು. ಮೊಹರು ಎಲ್ಲಿ ಒತ್ತುವುದೆಂದು ಬಹಳ ಹೊತ್ತು ಯೋಚಿಸಿದೆ. ಬಲಕ್ಕೆ ಮೇಲ್ಗಡೆ, ಏನು ಅಂಟಿಸಿದರೂ ಹೊಂದದೆ ಖಾಲಿ ಬಿಟ್ಟಿದ್ದ ಜಾಗವಿತ್ತು. ಅಲ್ಲಿ ಒತ್ತಿದೆ. ಚಿತ್ರಕ್ಕೆ ಬೇಕಾಗಿದ್ದದ್ದು ಅದೇ ಎಂದು ಕಂಡು ಅಳು ಬಂತು.

ಫೈಲನ್ನು ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇಟ್ಟಿದ್ದಾರೆ. ಅದರ ಬೀಗದ ಕೈ ಮೇಲಿನ ಮಹಡಿಯಲ್ಲಿರುತ್ತದೆ.